ಟಿಬೆಟ್ಸ್‌ನ ಬೀದಿಗೆ ದೀಪವಿಲ್ಲ

ನಮ್ಮ ನಗರಸಭೆಯಲ್ಲಿ ಬೀದಿದೀಪದ ಅರ್ಜಿ ನೋಡುವ ಲೊವೆಲ್ ಟಿಬೆಟ್ಸ್ ಪಕ್ಕದ ಮೇಜಿನಲ್ಲಿ ಕೂತು ಹದಿನೆಂಟು ವರ್ಷಗಳಿಂದ ನನ್ನ ಪ್ರಾಣ ತಿನ್ನುತ್ತಿದ್ದಾನೆ. ಒಂದು ಕಂಬ ಬೇಕೆಂದರೆ ಬೀದಿಯ ಮನೆ ಮಾಲೀಕರೆಲ್ಲ ಸಹಿ ಹಾಕಬೇಕು. ಮನೆ ಗಂಡಹೆಂಡಿರ ಹೆಸರಿನಲ್ಲಿದ್ದರೆ ಇಬ್ಬರೂ ಹಾಕಬೇಕು. ಇವನು ಪ್ರತಿ ಸಹಿಯನ್ನೂ ಭೂತಗನ್ನಡಿಯಲ್ಲಿ ನೋಡುತ್ತಾನೆ. ತಾನೇ ಬ್ಲೂಬೆರಿ ಮಫಿನ್ ಉದುರಿಸಿದ ಅರ್ಜಿಯನ್ನು ‘ಕಲೆಯಿದೆ’ ಎಂದು ವಾಪಸು ಕಳಿಸುತ್ತಾನೆ. ಮೇಯರಮ್ಮನ ಅರ್ಜಿಯೇ ಮೂರು ಸಲ ವಾಪಸಾಗಿದೆ. “ನನ್ನ ಗಂಡ ಸತ್ತೇ ಹೋದ್ನಲ್ಲೋ, ಸಹಿ ಎಲ್ಲಿಂದ ತರ್ಲಿ?” ಎಂದು ಮುದುಕಿಯೊಬ್ಬಳು ರೇಗಿದರೆ, “ಮರಣಪತ್ರ ಲಗತ್ತಿಸಿ, ಹೆಸ್ರು ಹೊಡೆದ್ಹಾಕಿ ಅಮ್ಮಾ, ಒಂದ್ ನಿಮಿಷದ ಕೆಲ್ಸ” ಎನ್ನುತ್ತಾನೆ. ಅವನದೇ ಬೀದಿಯ ಅರ್ಜಿ ಆರು ವರ್ಷಗಳಿಂದ ಅವನ ಡ್ರಾಯರಿನಲ್ಲಿದೆ. ನೆರೆಯವರದೆಲ್ಲ ಸಹಿಯಿದೆ, ಅವನದೂ ಇದೆ. ತೀರಿಕೊಂಡ ಹೆಂಡತಿ ಅರ್ಲೀನ್‌ಳ ಹೆಸರಿನ ಮುಂದೆ ಮಾತ್ರ ಖಾಲಿ. ಪ್ರತಿ ಜನವರಿ ಅದನ್ನು ಹೊರತೆಗೆದು, ಆ ಹೆಸರನ್ನು ಭೂತಗನ್ನಡಿಯಲ್ಲಿ ನೋಡಿ, ‘ಅಪೂರ್ಣ’ ಎಂದು ಮುದ್ರೆಯೊತ್ತಿ, ಟಾರ್ಚು ಹಿಡಿದು ಮನೆಗೆ ಹೋಗುತ್ತಾನೆ.