ಇದ್ದಿಲು ಬಸ್ಸಿನ ಯಜಮಾನರು

ಮೊನ್ನೆ ಬೀದಿ ತುದಿಯ ಇಸ್ತ್ರಿ ಅಂಗಡಿಯವನು ಪೆಟ್ಟಿಗೆಯಲ್ಲಿ ಉಳಿದ ಕೆಂಡವನ್ನು ನೆಲಕ್ಕೆ ಸುರಿದು ನೀರು ಚಿಮುಕಿಸಿದ. ಚೊಂಯ್ ಎಂದು ಎದ್ದ ಆ ಹೊಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ತರಕಾರಿ ಚೀಲ ಹಿಡಿದು ನಿಂತಲ್ಲೇ ನಿಂತುಬಿಟ್ಟೆ. ಮಳವಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಮುಂದೆ ದಿನಾ ಬೆಳಿಗ್ಗೆ ಇದೇ ವಾಸನೆ ಇರುತ್ತಿತ್ತು...

ಯುದ್ಧ ನಡೆಯುತ್ತಿದ್ದ ಕಾಲ. ನಾನು ಆ ಊರಿಗೆ ಹೊಸ ಸೊಸೆ. ಪಕ್ಕದ ಮನೆಯವರನ್ನು ಊರೆಲ್ಲ ಬಸ್ಸಿನ ಯಜಮಾನರು ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಸಕ್ಕರೆ ಕಾರ್ಖಾನೆ ಬಂದ ಹೊಸದರಲ್ಲಿ ಮಂಡ್ಯಕ್ಕೆ ಫಿಟ್ಟರ್ ಕೆಲಸಕ್ಕೆ ಬಂದವರಂತೆ. ಇನ್ನೊಬ್ಬರ ಮಿಷಿನ್ನಿಗೆ ಎಣ್ಣೆ ಬಿಟ್ಟು ಸಾಕಾಗಿ ಮಳವಳ್ಳಿಯಲ್ಲಿ ಹಿಟ್ಟಿನ ಗಿರಣಿ ಹಾಕಿದರು, ಆಮೇಲೆ ಮಂಡ್ಯದವರೆಗೆ ಬಸ್ಸು ಬಿಟ್ಟರು. ಪೆಟ್ರೋಲು ಸಿಗದಾದಾಗ ಉಳಿದವರು ಗಾಡಿ ನಿಲ್ಲಿಸಿದರೆ, ಇವರು ಬಸ್ಸಿನ ಬೆನ್ನಿಗೆ ದೊಡ್ಡ ಪೀಪಾಯಿ ಕಟ್ಟಿಸಿ, ಅದರಲ್ಲಿ ಇದ್ದಿಲು ಉರಿಸಿ, ಆ ಅನಿಲದಲ್ಲೇ ಎಂಜಿನ್ ಓಡಿಸಿದರು. ಏರು ಬಂದರೆ ಜನ ಇಳಿದು ತಳ್ಳಬೇಕು. ತಳ್ಳುವವರ ಜೊತೆ ಯಜಮಾನರೂ ಇರುತ್ತಿದ್ದರು.

ಅವರು ಕಥೋಲಿಕರು. ನಮ್ಮೂರಲ್ಲಿ ಅವರ ಪೈಕಿ ಇದ್ದದ್ದು ಅದೊಂದೇ ಮನೆ. ದೀಪ ಹಚ್ಚುವ ಹೊತ್ತಿಗೆ ಯಜಮಾನರು, ಹೆಂಡತಿ, ಹೆಣ್ಣುಮಕ್ಕಳು, ಮುದುಕಿ ತಾಯಿ ಎಲ್ಲ ಮಂಡಿಯೂರಿ ಜಪ ಹೇಳುವುದು ಗೋಡೆಯಾಚೆ ಕೇಳುತ್ತಿತ್ತು. ಅಜ್ಜಿ ಅರ್ಧ ಹೇಳಿ ನಿಲ್ಲಿಸಿದರೆ ಉಳಿದವರು ಮಿಕ್ಕ ಅರ್ಧ ಹೇಳುತ್ತಿದ್ದರು. ಕ್ರಿಸ್ಮಸ್ಸಿಗೆ ಕಜ್ಜಾಯದ ತಟ್ಟೆ ಬಂದರೆ ನಮ್ಮತ್ತೆ ಬಾಳೆಹಣ್ಣು ಮಾತ್ರ ಎತ್ತಿಟ್ಟುಕೊಂಡು, ಕಜ್ಜಾಯವನ್ನು ಎಮ್ಮೆಗೆ ಹಾಕುತ್ತಿದ್ದರು. ಎಮ್ಮೆಗೆ ಅದು ಬಹಳ ಇಷ್ಟವಾಗಿತ್ತು.

ನಾಲೆ ನೀರು ಬಂದ ಮೇಲೆ ಆ ಸೀಮೆಗೆ ಭತ್ತವೂ ಬಂತು, ಚಳಿಜ್ವರವೂ ಬಂತು. ಯಜಮಾನರು ಮಂಡ್ಯದಿಂದ ಕ್ವಿನೈನ್ ತಂದು ದಾರಿಯುದ್ದಕ್ಕೂ ಬಸ್ಸು ನಿಲ್ಲಿಸಿ ಹಂಚುತ್ತಿದ್ದರು. ಕಹಿ ಎಂದು ಉಗಿಯುವವರ ಎದುರಿಗೇ ನಿಂತು, "ನುಂಗ್ಲಾ, ನಿನ್ನ ಮದ್ವೆ ಊಟ ಅಲ್ಲ ಇದು" ಎಂದು ಗದರಿಸಿ ನುಂಗಿಸುತ್ತಿದ್ದರು. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಅವರ ಹೆಂಡತಿ ನಮ್ಮ ಜಗಲಿಯಲ್ಲಿ ಕೂತು ನಗುತ್ತಿದ್ದರು. ಬೈಗುಳ ಅನ್ನುವುದಕ್ಕಿಂತ ಅದು ಹೆಮ್ಮೆಯೇ.

ನನ್ನ ಚೊಚ್ಚಲ ಹೆರಿಗೆ ಕಷ್ಟವಾಯಿತು. ನೋವು ಹಿಡಿದು ಮರುದಿನವಾದರೂ ಮಗು ಬರಲಿಲ್ಲ. ಸೂಲಗಿತ್ತಿ ಕೈ ತೊಳೆದುಕೊಂಡು, ಮಂಡ್ಯದ ಆಸ್ಪತ್ರೆಗೆ ಒಯ್ಯಿರಿ ಎಂದಳು. ಅದೇ ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿಗೆ ಮೇಲುಸಿರು ಹತ್ತಿತ್ತು. ಪಾದ್ರಿ ಸ್ವಾಮಿಗಳು ಮದ್ದೂರಿಗೆ ಬಂದಿದ್ದಾರೆಂದು ತಿಳಿದು, ಅವರನ್ನು ಕರೆತರಲು ಯಜಮಾನರು ಪೀಪಾಯಿಗೆ ಇದ್ದಿಲು ತುಂಬಿಸುತ್ತಿದ್ದರು. ಅತ್ತೆ ಹೋಗಿ ಕೈ ಮುಗಿದರು. ನಮ್ಮನ್ನು ಮದ್ದೂರಿನ ರೈಲ್ವೆ ಸ್ಟೇಷನ್ನಿಗೆ ಬಿಡುವುದು, ಸ್ವಾಮಿಗಳನ್ನು ಹತ್ತಿಸಿಕೊಂಡು ಬಸ್ಸು ವಾಪಸಾಗುವುದು ಎಂದು ಮಾತಾಯಿತು. ನನ್ನನ್ನು ಸೀಟಿನ ಮೇಲೆ ಚಾಪೆ ಹಾಸಿ ಮಲಗಿಸಿದರು. ಆ ದಾರಿ ನನಗೆ ತುಂಡು ತುಂಡಾಗಿ ಮಾತ್ರ ನೆನಪು... ಹೊಗೆ, ಅತ್ತೆಯ ತೊಡೆ, ಏರಿನಲ್ಲಿ ಜನರ ಕೂಗು.

ಮದ್ದೂರಿಗೆ ಹೋದರೆ ರೈಲಿಲ್ಲ. ಮಿಲಿಟರಿ ಗಾಡಿಗಳಿಗೆ ದಾರಿ ಬಿಟ್ಟು ನಮ್ಮ ರೈಲನ್ನು ಎಲ್ಲೋ ಹಿಂದೆ ನಿಲ್ಲಿಸಿದ್ದರಂತೆ, ಸಂಜೆಯಾಗಬಹುದಂತೆ. ಸ್ವಾಮಿಗಳು ಕೈಯಲ್ಲಿ ಸಣ್ಣ ಪೆಟ್ಟಿಗೆ ಹಿಡಿದು ಬಸ್ಸಿನ ಬಾಗಿಲ ಬಳಿ ಬಂದು ನಿಂತಿದ್ದರು. ಮುಂದಕ್ಕೆ ಮಂಡ್ಯ, ಹಿಂದಕ್ಕೆ ಮಳವಳ್ಳಿ. ಆ ರಸ್ತೆಗೆ ಇದ್ದದ್ದು ಆ ಒಂದೇ ಬಸ್ಸು. ಯಜಮಾನರು ಒಮ್ಮೆ ಸ್ವಾಮಿಗಳ ಕಡೆ, ಒಮ್ಮೆ ನನ್ನ ಕಡೆ ನೋಡುತ್ತಿದ್ದುದನ್ನು ಕಂಡು ಅತ್ತೆಗೆ ರೇಗಿಹೋಯಿತು.

"ಏನಪ್ಪಾ ಯೋಚ್ನೆ ಮಾಡ್ತೀಯ? ಸಾವಿನ ಸಾಸ್ತ್ರ ಒಂದಿನ ತಡ ಆದ್ರೆ ಏನಾದದು? ಇಲ್ಲಿ ಎರಡು ಜೀವ ಓಯ್ತಾವೆ ಕಣಪ್ಪ!"

ಅತ್ತೆಯ ತಪ್ಪಲ್ಲ. ನಮ್ಮಲ್ಲಿ ಸಾಯುವವರ ಬಾಯಿಗೆ ನೀರು ಬಿಡುವುದು ಮನೆಯವರ ಕೆಲಸ. ಶಾಸ್ತ್ರ ಮಾಡಿಸಲು ಅಯ್ಯನವರು ಬರುವುದೆಲ್ಲ ಉಸಿರು ನಿಂತ ಮೇಲೆ. ಅತ್ತೆಯ ಬಾಯಿ ಒರಟು, ಆದರೆ ಅವರ ಪಾಲಿಗೆ ಸಾಯುವವರ ಆಸೆ ತಪ್ಪಿಸಬಾರದೆಂದರೆ ತಪ್ಪಿಸಬಾರದು. ಮಾತು ಬಿಟ್ಟವರ ಮನೆಗೂ ಚೊಂಬು ಹಿಡಿದು ಓಡುತ್ತಿದ್ದ ಹೆಂಗಸು.

ಯಜಮಾನರು ಅತ್ತೆಗೆ ಏನೂ ಹೇಳಲಿಲ್ಲ. ಸ್ವಾಮಿಗಳ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಎರಡು ಮಾತಾಡಿದರು. ಸ್ವಾಮಿಗಳು ಅವರ ತಲೆ ಮುಟ್ಟಿ, ಎತ್ತಿನ ಗಾಡಿ ಹುಡುಕಿಕೊಂಡು ಹೊರಟರು. ಆಮೇಲೆ ಯಜಮಾನರು ಡ್ರೈವರಿಗೆ, "ಸಾಬ್ರೇ, ಮಂಡ್ಯ ಕಡೆ ಬುಡಿ" ಎಂದರು. ಸಾಬರು ಒಮ್ಮೆ ಹಿಂತಿರುಗಿ ನೋಡಿದರು. "ನಿಮ್ಗೇ ಏಳಿದ್ದು" ಎಂದರು ಯಜಮಾನರು.

ಮಂಡ್ಯದಲ್ಲಿ ಅಂದೇ ನನಗೆ ಗಂಡುಮಗುವಾಯಿತು. ಊರಲ್ಲಿ ಅಜ್ಜಿ ಮಧ್ಯಾಹ್ನವೇ ತೀರಿಕೊಂಡಿದ್ದರು. ಎತ್ತಿನ ಗಾಡಿ ಮಳವಳ್ಳಿ ಮುಟ್ಟಿದ್ದು ಸಂಜೆಗೆ. ಬಾಣಂತನ ಮುಗಿಸಿ ನಾನು ಮನೆಗೆ ಬಂದಾಗ ಯಜಮಾನರು ಮಗುವನ್ನು ನೋಡಿ, "ಬಸ್ಸಿನ ಒಗೆ ಕುಡ್ದು ಕರ್ರಗಾಗವ್ನೆ" ಎಂದು ನಕ್ಕರು. ಆ ವರ್ಷ ಬಂದ ಕಜ್ಜಾಯವನ್ನು ಅತ್ತೆ ತಾವೂ ತಿಂದು ನನಗೂ ಕೊಟ್ಟರು.

ಸ್ವಾತಂತ್ರ್ಯ ಬಂದ ವರ್ಷ ಯಜಮಾನರೇ ಮಲಗಿದರು. ನಾನು ಗಂಜಿ ತೆಗೆದುಕೊಂಡು ಹೋದಾಗ ಸ್ವಾಮಿಗಳು ಆಗಲೇ ಬಂದು ಕೂತಿದ್ದರು. ಯಜಮಾನರ ಹಣೆಗೆ, ಅಂಗೈಗೆ ಎಣ್ಣೆ ಹಚ್ಚಿ ಏನೋ ಹೇಳುತ್ತಿದ್ದರು. ಯಜಮಾನರು ಕಣ್ಣು ಬಿಟ್ಟುಕೊಂಡೇ ಇದ್ದರು, ಮುಖ ತಿಳಿಯಾಗಿತ್ತು. ನನಗೆ ದಿಗಿಲಾಯಿತು. ಅವರ ಹೆಂಡತಿಯನ್ನು ಹಿತ್ತಲಿಗೆ ಕರೆದು ಕೇಳಿದೆ.

"ಜೀವ ಇರೋವಾಗ್ಲೇ ಯಾಕಕ್ಕ ಇದೆಲ್ಲ?"

"ಉಸ್ರು ಇರೋವಾಗ್ಲೇ ಆಗ್ಬೇಕು ಕಣಮ್ಮ. ಜೀವ ಓದ್ಮೇಲೆ ಅಚ್ಚುದ್ರೆ ಅದು ಬರೀ ಎಣ್ಣೆ."

"ಅಂಗಾರೆ ಅಜ್ಜಿಗೆ...?"

"ಆಗ್ನಿಲ್ಲ. ಸ್ವಾಮಿಗಳು ಬಂದ್ರಾ, ಸ್ವಾಮಿಗಳು ಬಂದ್ರಾ ಅಂತ ಬಾಗ್ಲನ್ನೇ ನೋಡ್ತಿದ್ರು."

ಮದ್ದೂರಿನಲ್ಲಿ ಯಜಮಾನರು ನಮ್ಮತ್ತೆಗೆ ಒಂದು ಮಾತು ಹೇಳಬಾರದಿತ್ತೇ ಎಂದೆ.

"ಏಳಿದ್ರೆ ನಿಮ್ಮತ್ತೆ ನಿನ್ನ ಬಸ್ಸಿಂದ ಇಳುಸ್ಕೊಂಡ್ಬುಡೋರು ಅಂದ್ರು ಇವ್ರು ಕಣಮ್ಮ. ಅದ್ಕೇ ಏಳ್ನಿಲ್ವಂತೆ."

ನಿಜ. ಅತ್ತೆ ಇಳಿಸಿಕೊಂಡುಬಿಡುತ್ತಿದ್ದರು. ನಾನು ಮದ್ದೂರಿನ ಪ್ಲಾಟ್‌ಫಾರಂ ಮೇಲೆ ಸಾಯುತ್ತಿದ್ದೆ.

ಎರಡು ದಿನಕ್ಕೆ ಯಜಮಾನರು ಹೋದರು. ಅತ್ತೆ ಎದೆ ಬಡಿದುಕೊಂಡು ಅತ್ತರು. ನಾನು ಅವರಿಗೆ ಏನೂ ಹೇಳಲಿಲ್ಲ. ಯಜಮಾನರು ಮುಚ್ಚಿಟ್ಟದ್ದನ್ನು ನಾನ್ಯಾಕೆ ಬಿಚ್ಚಲಿ?

ಹೆಣ್ಣುಮಕ್ಕಳು ಮದುವೆಯಾಗಿ ಊರೂರಿಗೆ ಹೋದರು. ತಾಯಿಯನ್ನೂ ಕರೆದುಕೊಂಡು ಹೋದರು. ಬಸ್ಸನ್ನು ಗುಜರಿಯವರು ಬಿಚ್ಚಿಕೊಂಡು ಹೋದರು. ಅತ್ತೆ ಹೋಗಿಯೂ ಬಹಳ ಕಾಲವಾಯಿತು. ಆ ದಿನ ಮದ್ದೂರಿನಲ್ಲಿ ಇದ್ದವರಲ್ಲಿ ಈಗ ಇರುವವಳು ನಾನೊಬ್ಬಳೇ. ಮಗ ಈಗ ಮೊಮ್ಮಕ್ಕಳನ್ನು ಆಡಿಸುತ್ತಾನೆ. ಅವನು ಹುಟ್ಟಿದ ದಿನ ಬಂತೆಂದರೆ ಮನೆಯಲ್ಲಿ ಪಾಯಸ. ಅಜ್ಜಿ ಬಾಗಿಲು ನೋಡುತ್ತಾ ಹೋದದ್ದೂ ಅದೇ ದಿನ, ನಾನು ಮುಟ್ಟುವುದಿಲ್ಲ. ನನಗೆ ಸಕ್ಕರೆ ಕಾಯಿಲೆ ಇರಬೇಕು ಎಂದುಕೊಂಡಿದ್ದಾಳೆ ಸೊಸೆ.