ಕೌದಿಯ ಮೂಲೆಯೊಳಗೆ ಇಟ್ಟದ್ದು

ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದಿಷ್ಟು ಜೋಳದ ಕಾಳು ಹಾಕುತ್ತೇವೆ. ಹೊದೆಯುವ ಕೌದಿ ಹಸಿದಿರಬಾರದು ಎನ್ನುತ್ತಿದ್ದಳು ನಮ್ಮವ್ವ. ಯೇಸುವನ್ನು ನಂಬಿದ ಮೇಲೆ ಅವಳು ಹಣೆಯ ಕುಂಕುಮ ಬಿಟ್ಟಳು, ನಮ್ಮ ಸೊಂಟದ ಕರಿದಾರ ಕತ್ತರಿಸಿ ಹಾಕಿದಳು, ಈ ಕಾಳು ಮಾತ್ರ ಬಿಡಲಿಲ್ಲ. ಕಾಳು ಹಾಕಿ, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ, ಆಮೇಲೆ ಹೊಲಿಗೆ ಹಾಕುವಳು. ನಾನು ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟವಳು. ಅವಳಿಂದ ಕಲಿತ ಈ ಕೆಲಸವೇ ನನ್ನ ಅನ್ನ. ಹುಮನಾಬಾದಿನಲ್ಲಿ ಜನ ತರುವ ಹಳೆಯ ಸೀರೆಗಳನ್ನು ಕೌದಿ ಮಾಡಿ ಕೊಡುತ್ತೇನೆ. ಬರೆಯುವ ರೂಢಿಯಿಲ್ಲ. ಬಾಯಲ್ಲಿ ಹೇಳಲಾಗದೆ ಬರೆಯುತ್ತಿದ್ದೇನೆ.

ತಂಗಿಯನ್ನು ಬಸವಕಲ್ಯಾಣಕ್ಕೆ ಕೊಟ್ಟಿದೆ. ಮೊದಲ ಕೂಸು ಹೊಟ್ಟೆಯಲ್ಲೇ ಹೋಯಿತು. ಎರಡನೆಯದು ಹೊಟ್ಟೆಯಲ್ಲಿದ್ದಾಗ, ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೊರಗೆ ಬಂದವಳು ಸೂಜಿ ಚುಚ್ಚಿದ ನಿಂಬೆಹಣ್ಣು ತುಳಿದಳು. ಪಕ್ಕದಲ್ಲೇ ಅರಿಶಿನ ಕಲಸಿದ ಅನ್ನವಿತ್ತು. ಅಂದಿನಿಂದ ಸಂಜೆಯಾದರೆ ಕೈಕಾಲು ನಡುಗುವುದು, ಊಟ ಸೇರದು, ಕಣ್ಣು ಮುಚ್ಚಿದರೆ ಎದೆಯ ಮೇಲೆ ಯಾರೋ ಕೂತಂತೆ ಆಗುವುದು. ಯಾರೋ ಕರಣಿ ಮಾಡಿಸಿದ್ದಾರೆ, ಈ ಕೂಸೂ ಉಳಿಯುವುದಿಲ್ಲ ಎಂದು ಓಣಿಯವರು ಮಾತಾಡಿಕೊಂಡರು. ಮಾಟ ತೆಗೆಯುವವರ ಊರು, ದಾರಿ ಎಲ್ಲ ಹೇಳಿಕೊಟ್ಟರು.

ತಂಗಿ ಒಪ್ಪಲಿಲ್ಲ. ನಮ್ಮ ಪಾಸ್ಟರು ಹುಮನಾಬಾದಿನಿಂದ ಹೋಗಿ ಪ್ರಾರ್ಥನೆ ಮಾಡಿದರು, ಬಾಗಿಲ ಚೌಕಟ್ಟಿಗೂ ಅವಳ ಹಣೆಗೂ ಎಣ್ಣೆ ಹಚ್ಚಿದರು. ಒಂದು ತಾಯಿತವಾದರೂ ಕಟ್ಟಿಕೋ, ಯಾರಿಗೂ ಕಾಣದ ಹಾಗೆ ಇರಲಿ ಎಂದು ನಾನೇ ಅವಳ ಕಿವಿಯಲ್ಲಿ ಹೇಳಿದೆ.

"ಬ್ಯಾಡಕ್ಕಾ. ಒಂದ ಕೈಲೆ ಯೇಸುನ್ನ ಹಿಡದು ಇನ್ನೊಂದ ಕೈಲೆ ದಾರ ಹಿಡಕೊಂಡ್ರ ನಾ ಯಾರನ್ನೂ ಹಿಡದಂಗ ಆಗಂಗಿಲ್ಲ," ಎಂದಳು.

ನಡುಗುವ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಹಾಗೆ ಹೇಳಿದಳು. ನನಗೆ ಅವಳ ಮಾತು ಕೇಳಿಸಲಿಲ್ಲ, ಆ ಕೈಯೇ ಕಾಣುತ್ತಿತ್ತು.

ಕೂಸಿಗೆ ತವರಿನಿಂದ ಕೌದಿ ಹೋಗಬೇಕು. ಅವ್ವ ಇಲ್ಲ, ಅದು ನನ್ನ ಪಾಲಿನ ಕೆಲಸ. ಅವ್ವನದೇ ಹಳೆಯ ಸೀರೆ ತೆಗೆದು ಹೊಲಿಯತೊಡಗಿದೆ. ಕೆಲಸ ಮುಗಿಯುವ ಮುಂಚೆ ಒಂದು ದಿನ ಮನ್ನಾಏಖೇಳ್ಳಿಯಲ್ಲಿ ಇಳಿದು, ಬೇರೆ ಬಸ್ಸು ಹಿಡಿದು, ಬೇಮಳಖೇಡದ ಆಚೆ ಹೊಲದಲ್ಲಿ ಮನೆ ಮಾಡಿಕೊಂಡಿದ್ದ ಒಬ್ಬ ಮುದುಕನ ಬಳಿ ಹೋದೆ. ಅವನು ತಾಮ್ರದ ಸಣ್ಣ ತಾಯಿತ ಕೊಟ್ಟು, ಕೂಸಿನ ತಲೆಯ ಹತ್ತಿರ ಇರಲಿ ಎಂದ. ಮನೆಗೆ ಬಂದು ಕೌದಿಯ ಮೂಲೆಯಲ್ಲಿ ಅದನ್ನಿಟ್ಟೆ. ಮೇಲೆ ಕಾಳು ಹಾಕಿದೆ. ಪ್ರಾರ್ಥನೆಯನ್ನೂ ಮಾಡಿದೆ. ಈಗ ನೆನೆದರೆ ಎಲ್ಲಕ್ಕಿಂತ ಹೆಚ್ಚು ಚುಚ್ಚುವುದು ಆ ಪ್ರಾರ್ಥನೆಯೇ.

ಗಂಡು ಕೂಸು ಹುಟ್ಟಿತು, ಗಟ್ಟಿಯಾಗಿತ್ತು. ಕೌದಿ ಒಯ್ದು ಕೊಟ್ಟಾಗ ತಂಗಿ ಮೂಲೆಯನ್ನು ಹಿಚುಕಿ ನೋಡಿ ನಕ್ಕಳು.

"ಏನಕ್ಕಾ, ಕಾಳ ಹಾಕೀಯೋ, ಇಡೀ ತೆನಿನೇ ತುರಕೀಯೋ?"

ನಿನ್ನ ಮಗ ಜೋರು ಹಸಿವಿನವನು, ಅವನ ಕೌದಿಗೂ ಅಷ್ಟೇ ಬೇಕು ಎಂದು ನಾನೂ ನಕ್ಕೆ. ಎಷ್ಟೋ ತಿಂಗಳ ಮೇಲೆ ಅವಳ ನಗು ಕಂಡಿದ್ದೆ. ಅದರ ಮೇಲೆ ಸುಳ್ಳು ಹೇಳುವುದು ಸುಲಭವಾಯಿತು.

ನಡುಕ ಬಿಟ್ಟಿತು, ನಿದ್ದೆ ಬಂತು. ಕೂಸನ್ನು ಮೊದಲ ಸಲ ಚರ್ಚಿಗೆ ಕರೆತಂದ ಭಾನುವಾರ ಅವಳು ಸಾಕ್ಷಿ ಹೇಳಲು ಎದ್ದು ನಿಂತಳು. ನಮ್ಮಲ್ಲಿ ದೇವರು ಮಾಡಿದ್ದನ್ನು ಸಭೆಯ ಮುಂದೆ ನಿಂತು ಹೇಳುವ ಪದ್ಧತಿ ಇದೆ. "ನನ್ನ ಮನ್ಯಾಗ ಒಂದು ದಾರ ಸೈತ ಇಲ್ರಿ. ಯೇಸು ಒಬ್ಬನ ಕಾದಾನ," ಎಂದಳು. ಕೂಸು ಆ ಕೌದಿಯಲ್ಲೇ ನನ್ನ ತೊಡೆಯ ಮೇಲೆ ಮಲಗಿತ್ತು. ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತೆ.

ಅಲ್ಲಿಂದ ಅವಳನ್ನು ಹುಡುಕಿಕೊಂಡು ಜನ ಬರತೊಡಗಿದರು. ಅಂಜಿದವರು, ಮೈಮೇಲೆ ಬಂದವರು, ಮಕ್ಕಳು ನಿಲ್ಲದವರು. ಇವಳು ಹೋಗಿ ಕೈಹಿಡಿದು ಪ್ರಾರ್ಥಿಸುವಳು, ಏನೂ ಕಟ್ಟಬೇಡಿ ಎನ್ನುವಳು. ಅವಳ ಮಾತಿನ ಮೇಲೆ ಹೆಂಗಸರು ಮಕ್ಕಳ ಕೊರಳಿನಿಂದ ತಾಯಿತ ಬಿಚ್ಚಿದ್ದು ನಾನೇ ನೋಡಿದ್ದೇನೆ. ಹೇಳಿದರೆ ಅವಳ ಅಂಜಿಕೆ ಮರಳುತ್ತದೆ, ಹೇಳದಿದ್ದರೆ ಅವಳ ಸಾಕ್ಷಿ ಸುಳ್ಳು. ಹೀಗೆ ಯೋಚಿಸಿ ಯೋಚಿಸಿ ಬಹಳ ದಣಿದೆ. ಸೂಜಿಗೆ ದಾರ ಪೋಣಿಸಲೂ ಬೇಸರವಾಗುತ್ತಿತ್ತು.

ಕಡೆಗೆ ಒಂದು ಮಧ್ಯಾಹ್ನ ಬಸವಕಲ್ಯಾಣಕ್ಕೆ ಹೋದೆ. ಅವಳು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಕೂಸಿನ ಮೇಲಿನ ಕೌದಿ ತೆಗೆದು, ಮೂಲೆ ಬಿಚ್ಚಿ, ಕಾಳಿನ ನಡುವಿನಿಂದ ತಾಯಿತವನ್ನು ಹೊರತೆಗೆದು ಅವಳ ಮುಂದಿಟ್ಟು ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಸೊಪ್ಪು ಸೋಸಿ ಮುಗಿಸಿದಳು.

"ಅಂಜಿಕಿ ನಿನಗಿತ್ತಲ್ಲ ಅಕ್ಕಾ, ಹೇಳಬೇಕಿಲ್ಲೇನು? ನಿನ್ನ ಸಲುವಾಗೂ ಪ್ರಾರ್ಥನಾ ಮಾಡ್ತಿದ್ನಿ," ಎಂದಳು.

ಸೊಪ್ಪಿನ ಕಡ್ಡಿಗಳ ಜೊತೆ ತಾಯಿತವನ್ನೂ ಗುಡಿಸಿ ಹೊರಗೆ ತಿಪ್ಪೆಗೆ ಚೆಲ್ಲಿ ಬಂದಳು. ಕೂಸಿನ ಮುಖ ನೋಡಿದೆ. ಅದು ಮಲಗೇ ಇತ್ತು.

ಮುಂದಿನ ಭಾನುವಾರ ಚರ್ಚಿನಲ್ಲಿ ಅವಳು ಮತ್ತೆ ಎದ್ದಳು. ನಾನು ಹೇಳಿದ್ದ ಸಾಕ್ಷಿ ಖರೆ ಅಲ್ಲ, ನನ್ನ ಮನೆಯಲ್ಲಿ ಒಂದು ತಾಯಿತ ಇತ್ತು, ನನಗೆ ಗೊತ್ತಿರಲಿಲ್ಲ ಎಂದಳು. ಯಾರು ಇಟ್ಟದ್ದು ಎಂದು ಹೇಳಲಿಲ್ಲ. ಹೇಳಿಯೂ ಕೂರಲಿಲ್ಲ, ನಿಂತೇ ಇದ್ದಳು. ನನಗಾಗಿ ನಿಂತಿದ್ದಾಳೆ ಎಂದು ನನಗೆ ತಿಳಿಯಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೆಲ ನೋಡುತ್ತಾ ಕೂತೆ. ನಾನು ಏಳಲಿಲ್ಲ. ಆಮೇಲೆ ಅವಳು ಕೂತಳು.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ನನ್ನ ಹಿಂದೆ ನಿಂತಿದ್ದ ಹೆಂಗಸು ಇನ್ನೊಬ್ಬಳಿಗೆ ಹೇಳಿದ್ದು ಕೇಳಿಸಿತು: "ತನ್ನ ಮನ್ಯಾಗಿಂದು ತನಗ ಗೊತ್ತಿಲ್ಲಂದ್ರ ಯಾರ ನಂಬಬೇಕವ್ವಾ?"

ಈಗ ತಂಗಿಯನ್ನು ಪ್ರಾರ್ಥನೆಗೆ ಕರೆಯುವವರು ಕಡಿಮೆ. ನಿದ್ದೆ ಚೆನ್ನಾಗಿ ಬರುತ್ತದೆ, ಸಂಜೆಗೆ ಏನೂ ಆಗುವುದಿಲ್ಲ ಎನ್ನುತ್ತಾಳೆ. ಬಾಗಿಲಿಗೆ ಎಣ್ಣೆ ಕೂಡ ಮತ್ತೆ ಹಚ್ಚಿಸಿಲ್ಲ. ಅಂಜಿಕೆ ಇರುವುದು ನನ್ನಲ್ಲಿ, ಆದರೆ ಕರಣಿಯದಲ್ಲ.

ಚರ್ಚಿಗೆ ಬಂದಾಗ ಮೊದಲಿನ ಹಾಗೆಯೇ ಕೂಸನ್ನು ನನ್ನ ತೊಡೆಗೆ ಕೊಡುತ್ತಾಳೆ, ಅದೇ ಕೌದಿಯಲ್ಲಿ. ಮೂಲೆ ಬಿಚ್ಚಿದ್ದು ಹಾಗೆಯೇ ಇದೆ. ಕೂಸು ಬೆರಳು ತೂರಿಸಿ ಒಂದೊಂದೇ ಕಾಳು ಹೊರಗೆ ತೆಗೆಯುತ್ತದೆ. ಸಾಕ್ಷಿ ಹೇಳುವವರು ಯಾರಿದ್ದೀರಿ ಎಂದು ಪಾಸ್ಟರು ಕೇಳುವಾಗ ನಾನು ಆ ಕಾಳುಗಳನ್ನು ಆರಿಸುತ್ತಾ ಕೂತಿರುತ್ತೇನೆ. ಮುಂದಿನ ವಾರ ಸೂಜಿ ತಂದು ಹೊಲಿದು ಕೊಡುತ್ತೇನೆ ಎಂದು ತಂಗಿಗೆ ಹೇಳುತ್ತೇನೆ. ಅವಳು ಹೂಂ ಎನ್ನುತ್ತಾಳೆ. ಸೂಜಿ ಯಾವಾಗಲೂ ನನ್ನ ಚೀಲದಲ್ಲೇ ಇರುತ್ತದೆ. ಅದು ಅವಳಿಗೂ ಗೊತ್ತು.