ಮಳೆಗಾಲದ ತಮ್ಮ

ಅಕ್ಕನೆಂದರೆ ಪ್ರಾಣ ಬಿಡುವ ತಮ್ಮ ಯಾರು ಎಂದು ನಮ್ಮ ಬೀದಿಯಲ್ಲಿ ಕೇಳಿದ್ದರೆ ಎಲ್ಲರೂ ನನ್ನ ಸೋದರಮಾವನನ್ನೇ ತೋರಿಸುತ್ತಿದ್ದರು. ಮಳೆ ಹಿಡಿದ ಭಾನುವಾರಗಳಲ್ಲಿ, ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು, ಗಾಳಿಗೆ ತಿರುಗಿಕೊಳ್ಳುವ ಕೊಡೆಯ ಜೊತೆ ಗುದ್ದಾಡುತ್ತ, ಬಸ್ಸು ಬದಲಾಯಿಸಿ ಅಷ್ಟು ದೂರದಿಂದ ಬರುತ್ತಿದ್ದ. ಎದುರುಮನೆಯಾಕೆ ತನ್ನ ಅಣ್ಣಂದಿರನ್ನು ಬೈಯುವಾಗಲೆಲ್ಲ ಇವನ ಹೆಸರು ಎತ್ತುತ್ತಿದ್ದಳು. ನನಗೆ ನಗುವೂ ಬರುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಏಕೆಂದರೆ ಮಾವ ಬರುತ್ತಿದ್ದದ್ದು ಬಸವನಹುಳು ತಿನ್ನುವುದಕ್ಕೆ. ಬಿಸಿಲುಗಾಲದಲ್ಲಿ ಅವನ ತಲೆ ನಮ್ಮ ಬೀದಿಯಲ್ಲಿ ಕಂಡದ್ದೇ ಇಲ್ಲ.

ಮಾವನದು ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಾಜನ್ನು ಸಾಣೆ ಹಿಡಿದು ಫ್ರೇಮಿಗೆ ಕೂರಿಸಬೇಕು. ಬಿಳಿ ಅಂಗಿ, ಜೇಬಿನಲ್ಲಿ ಗಾಜು ಒರೆಸುವ ಮೆತ್ತನೆಯ ಬಟ್ಟೆ, ಉಗುರಿನ ಸಂದಿಯಲ್ಲಿ ಹುಡುಕಿದರೂ ಕೊಳೆ ಇಲ್ಲ. ಅತ್ತೆಯ ತವರಿನವರು ಅವನಿಗಿಂತ ನಾಜೂಕು. ಹೆಣ್ಣು ನೋಡಲು ಹೋದಾಗ ಊಟದ ಮಾತು ಬಂದು, 'ಹುಳುಹುಪ್ಪಟೆ ಎಲ್ಲ ನಮ್ಮ ಮನೇಲಿ ಮುಟ್ಟಲ್ಲ' ಎಂದು ಯಾರೂ ಕೇಳದೆಯೇ ಹೇಳಿ ಬಂದಿದ್ದನಂತೆ. ಆ ಮಾತು ಅವನಿಗೇ ಉರುಳಾಯಿತು. ಅಲ್ಲಿಂದ ಮುಂದೆ ತಿಂದದ್ದೆಲ್ಲ ಕದ್ದು ತಿಂದದ್ದೇ.

ಅವನ ನಾಲಿಗೆ ಕೆಡಿಸಿದವಳು ನನ್ನ ಅಮ್ಮನೇ. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸಾಕಿದ್ದು ಅವಳು. ಏನು ಬಡಿಸಿದರೂ ಮುಖ ತಿರುಗಿಸುತ್ತಿದ್ದ ಹುಡುಗ, ಅವಳು ಮಾಡಿದ ಬಸವನಹುಳುವಿನ ಹುರಿದ ಪಲ್ಯಕ್ಕೆ ಮಾತ್ರ ತಟ್ಟೆ ನೆಕ್ಕುತ್ತಿದ್ದನಂತೆ. ಅಷ್ಟು ಸಾಕಾಯಿತು ಅವಳಿಗೆ. ಮದುವೆಯಾಗಿ, ನಾನು ಹುಟ್ಟಿ, ಅಪ್ಪ ಹೋಗಿ, ಮುಂದಿನ ಕೋಣೆಯಲ್ಲಿ ಇಸ್ತ್ರಿ ಅಂಗಡಿ ಹಾಕಿದ ಮೇಲೂ ಮೊದಲ ಮಳೆ ಬಿದ್ದ ಕೂಡಲೇ ಅವಳಿಗೆ ತಮ್ಮನ ಹೊಟ್ಟೆಯೇ ನೆನಪಾಗುತ್ತಿತ್ತು.

ಅದು ಸುಲಭದ ಅಡುಗೆಯೂ ಅಲ್ಲ. ಮುಚ್ಚಿಹೋದ ಗಿರಣಿಯ ಹಿಂದಿನ ಪಾಚಿ ಗೋಡೆಯಿಂದ ಹುಳುಗಳನ್ನು ಬಿಡಿಸಿ ತಂದು, ಬುಟ್ಟಿಗೆ ಹಾಕಿ, ಮೇಲೆ ತಟ್ಟೆ ಮುಚ್ಚಿ ಕಲ್ಲು ಹೇರಬೇಕು. ಕೆಲವು ದಿನ ಉಪವಾಸ ಕೆಡವಬೇಕು, ಇಲ್ಲದಿದ್ದರೆ ಅವು ತಿಂದ ಸೊಪ್ಪುಸದೆಯೆಲ್ಲ ನಮ್ಮ ಹೊಟ್ಟೆಗೆ. ಆಮೇಲೆ ಉಪ್ಪು ಹಾಕಿ ತಿಕ್ಕಿ ಲೋಳೆ ತೆಗೆಯಬೇಕು, ಬೇಯಿಸಬೇಕು, ಚಿಪ್ಪಿನಿಂದ ಎಳೆದು ಕಪ್ಪು ಬಾಲ ಕತ್ತರಿಸಬೇಕು. ಕೊನೆಗೆ ಬೆಳ್ಳುಳ್ಳಿ, ಮೆಣಸು, ಎಣ್ಣೆ. ಅರ್ಧದಷ್ಟನ್ನು ಚಿಪ್ಪಿನಲ್ಲೇ ಬಿಡುತ್ತಿದ್ದಳು, ಮಾವನಿಗೆ ಪಿನ್ನಿನಿಂದ ತಾನೇ ಎಳೆದು ತಿನ್ನುವ ಹುಚ್ಚು. ಒಂದು ಸಲ ಕಲ್ಲು ಜರುಗಿ ಅರ್ಧ ಬುಟ್ಟಿ ಖಾಲಿಯಾಯಿತು. ಬೆಳಗ್ಗೆ ನೋಡಿದರೆ, ಇಸ್ತ್ರಿ ಮಾಡಿ ಇಟ್ಟಿದ್ದ ಬ್ಯಾಂಕ್ ಮ್ಯಾನೇಜರರ ಅಂಗಿಯ ಬೆನ್ನ ಮೇಲೆ ಮಿರಮಿರ ಮಿನುಗುವ ಗೆರೆ, ಕಾಲರಿನಲ್ಲಿ ಒಂದು ದಪ್ಪನೆಯ ಹುಳು ಆರಾಮಾಗಿ ಕೂತಿದೆ. ಅಮ್ಮ ನಾಚಿಕೆಯಿಂದ ಸತ್ತುಹೋದಳು. ಅಂಗಿಯನ್ನು ಮತ್ತೆ ಒಗೆದಳು. ಆದರೆ ಬುಟ್ಟಿ ಇಡುವುದನ್ನು ಬಿಡಲಿಲ್ಲ.

ಮಾವ ತಿನ್ನುವಾಗ ಹಿಂದಿನ ಕಿಟಕಿ, ಮುಂದಿನ ಬಾಗಿಲು ಎರಡನ್ನೂ ಹಾಕಬೇಕಿತ್ತು. ಅಂಗಿ ತೆಗೆದು ಮೊಳೆಗೆ ನೇತುಹಾಕಿ, ಬನಿಯನ್ನಿನಲ್ಲಿ ಕೂತು, ಒಂದೊಂದನ್ನೂ ಕಣ್ಣು ಮುಚ್ಚಿ ತಿನ್ನುತ್ತಿದ್ದ.

"ದೊಡ್ಡ ಹೋಟೆಲಲ್ಲಿ ಇದಕ್ಕೇ ಅಂತ ಪುಟ್ಟ ಫೋರ್ಕು ಇಟ್ಟಿರ್ತಾರೆ ಗೊತ್ತಾ? ನಮ್ಮ ಗಿರಾಕಿಯೊಬ್ರು ಹೇಳ್ತಿದ್ರು."

"ಹಾಗಾದ್ರೆ ಅಲ್ಲೇ ಹೋಗಿ ತಿನ್ನಬಾರದಾ ಮಾವ?" ಎಂದೆ ನಾನು.

"ಯಾರಾದ್ರೂ ನೋಡಿದ್ರೆ?"

ತಿಂದಾದ ಮೇಲೆ ಸೋಪು, ಮೇಲೆ ನಿಂಬೆಹಣ್ಣಿನ ಹೋಳು, ಮತ್ತೆ ಸೋಪು. ಬಾಯಿಗೆ ಏಲಕ್ಕಿ. ಅಂಗಿ ತೊಟ್ಟು ಅಕ್ಕನ ಕಡೆ ತಿರುಗಿ, "ಬರ್ತೀನಕ್ಕ, ಆರೋಗ್ಯ ನೋಡ್ಕೋ" ಎಂದು ಹೊರಟರೆ ಮತ್ತೆ ಬುಟ್ಟಿ ತುಂಬುವವರೆಗೆ ಸುದ್ದಿಯಿಲ್ಲ. ಬೀದಿಯವರು ಅವನ ಬೆನ್ನು ನೋಡಿ ಕಣ್ಣು ತುಂಬಿಕೊಳ್ಳುತ್ತಿದ್ದರು. ಒಳಗೆ ನಾನು ಚಿಪ್ಪು ಗುಡಿಸುತ್ತಿದ್ದೆ.

ಹೋದ ಮಳೆಗಾಲ ಅಮ್ಮ ಗಿರಣಿಯ ಗೋಡೆಯ ಹತ್ತಿರ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಇಬ್ಬರು ಅವಳನ್ನು ಎತ್ತಿಕೊಂಡು ಬಂದಾಗ ಆ ನೋವಿನಲ್ಲೂ ಹುಳುವಿನ ಚೀಲದ ಬಾಯಿ ಗಟ್ಟಿಯಾಗಿ ಹಿಡಿದಿದ್ದಳು. ಅವನ್ನು ನಾನೇ ಬುಟ್ಟಿಗೆ ಸುರಿದು ಕಲ್ಲು ಹೇರಿದೆ. ಆಸ್ಪತ್ರೆಯಿಂದ ಮನೆಗೆ ಬಂದು ಮಲಗಿದ ಮೇಲೆ ಅವಳ ಮೊದಲ ಮಾತು, "ಬಿದ್ದದ್ದು ಎಲ್ಲಿ ಅಂತ ಅವನಿಗೆ ಹೇಳ್ಬೇಡ. ಬಚ್ಚಲಲ್ಲಿ ಅನ್ನು."

ಮಾವನಿಗೆ ಫೋನ್ ಮಾಡಿದೆ. ಭಾನುವಾರ ಕಿತ್ತಳೆಹಣ್ಣು ಹಿಡಿದು ಬಂದ. ಮಂಚದ ಪಕ್ಕ ಕೂತ, ಅಕ್ಕನ ಕೈ ಹಿಡಿದ, ಡಾಕ್ಟರು ಏನಂದರು ಎಂದು ಕೇಳಿದ. ಕಣ್ಣಲ್ಲಿ ನೀರೂ ಬಂತು, ಸುಳ್ಳು ಹೇಳಬಾರದು. ಆದರೆ ಆ ಕಣ್ಣು ಒರೆಸಿಕೊಳ್ಳುತ್ತಲೇ ಅಡುಗೆಮನೆಯ ಮೂಲೆಯ ಬುಟ್ಟಿಗೆ ಹೋಗಿ ಬಂತು. ನಾನು ನೋಡಿದೆ. ಅಮ್ಮನೂ ನೋಡಿದಳು.

"ಉಪವಾಸ ಮುಗಿದಿದೆ, ಹಾಳಾಗಬಾರದು. ಮಾಡಿ ಹಾಕೇ" ಎಂದಳು ನನಗೆ.

"ಬೇಡ ಬೇಡ, ಇಂಥ ಹೊತ್ತಲ್ಲಿ ಅದೆಲ್ಲ ಯಾಕೆ" ಎಂದ ಮಾವ. ಎಂದವನು ಅಂಗಿಯ ಗುಂಡಿಗೆ ಕೈ ಹಾಕಿದ.

ನಾನು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಲೇ ಮಾಡಿ, ಅಡುಗೆಮನೆಯಲ್ಲೇ ಅವನಿಗೆ ಹಾಕಿದೆ. ಮೊದಮೊದಲು ಸಂಕೋಚದಿಂದ ತಿಂದ, ಆಮೇಲೆ ಎಂದಿನಂತೆ ತಿಂದ. ಹೊಟ್ಟೆ ತಣ್ಣಗಾಗುತ್ತ ಬಂದಂತೆ ಮಾತೂ ಸಡಿಲಾಯಿತು. "ಈ ಸಲ ಏನು ದಪ್ಪ ಇವೆ! ಎಲ್ಲಿ ಸಿಕ್ಕಿದ್ವೇ?"

ನಾನು ತಡೆದುಕೊಳ್ಳಲಿಲ್ಲ. "ಅಮ್ಮ ಬಿದ್ದ ಜಾಗದಲ್ಲಿ. ಇವನ್ನ ಬಿಡಿಸೋಕೆ ಹೋಗೇ ಬಿದ್ದದ್ದು."

ಮಾವನ ಕೈ ಗಾಳಿಯಲ್ಲೇ ನಿಂತಿತು. ಪಿನ್ನಿನ ತುದಿಯಲ್ಲಿ ಒಂದು ಹುಳು ಎಣ್ಣೆ ಸುರಿಸುತ್ತಿತ್ತು. ಕಿವಿ ಕೆಂಪಾಯಿತು, ಕತ್ತು ಕೆಂಪಾಯಿತು. ಆಚೆ ಕೋಣೆಯಿಂದ ಅಮ್ಮ, "ಉಪ್ಪು ಸರಿಯಾಗಿದೆಯೇನೋ?" ಎಂದು ಕೂಗಿದಳು. ಅವನು ಪಿನ್ನನ್ನು ನೋಡಿದ, ನನ್ನನ್ನು ನೋಡಿದ, ಅದನ್ನು ಬಾಯಿಗೆ ಹಾಕಿಕೊಂಡ. ಅಗಿದ. ನುಂಗಿದ. "ಸರಿಯಾಗಿದೆ ಅಕ್ಕ" ಎಂದ. ಆಮೇಲೆ ತಟ್ಟೆಯ ಮುಂದೆಯೇ ಮುಖ ಮುಚ್ಚಿಕೊಂಡು ಅಳತೊಡಗಿದ.

ಅವತ್ತು ಸೋಪು ಹಾಕಿ ಕೈ ತೊಳೆಯಲಿಲ್ಲ. ಅಕ್ಕನ ಮುಖ ನೋಡಲೂ ಇಲ್ಲ. ಹೊಸಿಲು ದಾಟುವಾಗ, "ನನ್ನ ಜನ್ಮಕ್ಕಿಷ್ಟು" ಎಂದು ತನಗೆ ತಾನೇ ಹೇಳಿಕೊಂಡದ್ದು ನನಗೆ ಕೇಳಿಸಿತು.

ಆಮೇಲೆ ಬರಲಿಲ್ಲ. ಮಳೆ ಮುಗಿಯಿತು, ಚಳಿ ಮುಗಿಯಿತು. ಫೋನ್ ಮಾಡಿದರೆ ಅತ್ತೆಯ ಕೈಗೆ ಕೊಡುತ್ತಿದ್ದ. "ನಿಮ್ಮ ಮಾವ ಯಾಕೋ ಊಟಾನೇ ಸರಿಯಾಗಿ ಮಾಡ್ತಿಲ್ಲಮ್ಮ" ಎನ್ನುತ್ತಿದ್ದರು ಆ ಸಾಧು ಹೆಂಗಸು. ಎದುರುಮನೆಯಾಕೆ ತಮ್ಮ ಎಲ್ಲಿ ಎಂದು ಕೇಳಿದಾಗಲೆಲ್ಲ ಅಮ್ಮ ಹೊಸದೊಂದು ನೆಪ ಹೇಳುತ್ತಿದ್ದಳು. ಅಷ್ಟು ಹೊತ್ತಿಗೆ ಅವಳು ಕೋಲು ಹಿಡಿದು ಬಚ್ಚಲಿಗೆ ಹೋಗಿಬರುವಷ್ಟಾಗಿದ್ದಳು.

ಬೇಸಿಗೆ ನಡುವೆ, ಟಾರು ಚಪ್ಪಲಿಗೆ ಅಂಟುವ ಬಿಸಿಲಲ್ಲಿ, ಭಾನುವಾರವೂ ಅಲ್ಲದ ದಿನ, ಮಾವ ಬಾಗಿಲಲ್ಲಿ ನಿಂತಿದ್ದ. ಅಂಗಿ ಬೆವರಿಗೆ ಮೈಗಂಟಿತ್ತು. ನಾನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟೆ.

"ಹೇಗೆ ಮುಖ ತೋರಿಸ್ಲಿ ಅಂತಾನೇ ಇಷ್ಟು ದಿನ ಆಯ್ತು ಕಣೇ. ಅಕ್ಕನ್ನ ನೋಡ್ಬೇಕು. ಬೇರೆ ಏನೂ ಬೇಡ, ನೀರೂ ಬೇಡ" ಎಂದ. ಅವನ ಮೇಲೆ ನಾನು ಕೂಡಿಟ್ಟಿದ್ದ ಬೈಗುಳವನ್ನೆಲ್ಲ ಬದಿಗಿಟ್ಟೆ. ಒಳಗೆ ಕರೆದುಕೊಂಡು ಹೋದೆ.

ಅವನನ್ನು ನೋಡಿ ಅಮ್ಮನ ಮುಖ ಅರಳಿತು. ಮರುಕ್ಷಣವೇ ಬಾಡಿತು. ಸೆರಗು ಸರಿಮಾಡಿಕೊಂಡು ಮೇಲೇಳಲು ನೋಡಿದಳು, ಆಗಲಿಲ್ಲ. ಮನೆಗೆ ಬಂದವರಿಗೆ ಬಡಿಸಲು ಏನೂ ಇಲ್ಲದವಳ ಹಾಗೆ ತಲೆ ತಗ್ಗಿಸಿದಳು.

"ಅಯ್ಯೋ, ಈ ಬಿಸಿಲಲ್ಲಿ ಒಂದೂ ಸಿಗಲ್ವಲ್ಲೋ" ಎಂದಳು. "ಫೋನ್ ಮಾಡಿ ಕೇಳಬಾರದಿತ್ತಾ? ಇಷ್ಟು ದೂರ ಸುಮ್ನೆ ಬಂದ್ಯಲ್ಲ."

ಮಾವ ಅಲ್ಲೇ ನೆಲದ ಮೇಲೆ ಕುಸಿದು ಕೂತ. "ನಿನ್ನ ನೋಡೋಕೆ ಬಂದೆ ಅಕ್ಕ."

"ಹೂಂ, ಹೂಂ, ಗೊತ್ತು" ಎಂದು ಅವನ ತಲೆ ಸವರಿದಳು, ಹಟ ಹಿಡಿದ ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ. "ಮಳೆ ಬೀಳಲಿ, ಇವಳ ಕೈಲಿ ತರಿಸಿ ಇಡ್ತೀನಿ. ಬೇಜಾರು ಮಾಡ್ಕೋಬೇಡ."